ಎದುರಿಗೆ ನಲವತ್ತು ರೂಪಾಯಿ ದೋಸೆ ಬಂತು, ನಮ್ಮ ಭಟ್ಟರೂ ಅಲ್ಲಿಗೇ ಹೋದರು. ಈಗ ಏನು ಮಾಡಲಿ?

ಗಲ್ಲಾಪೆಟ್ಟಿಗೆ, ಹಾಸನ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದ್ತಾ ಇದೀನಿ, ಬರೆಯೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ.

ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಹೋಟೆಲು. ಅಪ್ಪ ಶುರು ಮಾಡಿದ್ದು, ನಾನು ಗಲ್ಲಾದಲ್ಲಿ ಕೂತು ಹದಿನಾಲ್ಕು ವರ್ಷ ಆಯ್ತು. ಕೆಲಸದವರು ಒಂಬತ್ತು ಜನ. ಬೆಳಿಗ್ಗೆ ಇಡ್ಲಿ, ಖಾರಾಬಾತ್, ದೋಸೆ. ಮಧ್ಯಾಹ್ನ ಮುದ್ದೆ ಊಟ. ಸಂಜೆ ಮತ್ತೆ ದೋಸೆ. ನಮ್ಮ ಹೆಸರು ನಿಂತಿರೋದೇ ದೋಸೆ ಮೇಲೆ.

ನಾಲ್ಕು ತಿಂಗಳ ಹಿಂದೆ ಸರಿಯಾಗಿ ಎದುರಿಗೇ ಹೊಸ ಹೋಟೆಲು ಬಂತು. ಹೆಸರು ಬೇಡ. ಬೇರೆ ಊರುಗಳಲ್ಲೂ ಶಾಖೆ ಇರೋರು. ನಮ್ಮಲ್ಲಿ ಮಸಾಲೆ ದೋಸೆ 65. ಅವರು 40 ಅಂತ ಇಷ್ಟುದ್ದ ಬೋರ್ಡ್ ಹಾಕಿದ್ರು. ಅದನ್ನ ಹೇಗೋ ತಡ್ಕೊಂಡೆ. ಹೋದ ತಿಂಗಳು ನಮ್ಮ ದೋಸೆ ಭಟ್ಟರನ್ನೂ ಎಳ್ಕೊಂಡ್ರು. ತಿಂಗಳಿಗೆ ಆರು ಸಾವಿರ ಜಾಸ್ತಿಯಂತೆ. ಹನ್ನೊಂದು ವರ್ಷ ನಮ್ಮಲ್ಲಿದ್ದ ಮನುಷ್ಯ, ಹೋಗುವಾಗ ನನ್ನ ಮುಖ ನೋಡಲಿಲ್ಲ. ಈಗ ಅವರು ಆ ಕಡೆ ಕಾವಲಿ ಮುಂದೆ ನಿಂತಿರೋದು ಗಲ್ಲಾದಿಂದ ದಿನಾ ಕಾಣತ್ತೆ.

ನಮ್ಮ ಭಾವಮೈದ ಹೇಳೋದು: "35 ಮಾಡು, ಆರು ತಿಂಗಳು ನಷ್ಟ ತಡ್ಕೊ, ಅವರ ಸಪ್ಲೈಯರ್ ಇಬ್ಬರನ್ನ ನೀನೂ ಎಳ್ಕೊ, ತಾನಾಗೇ ಗಂಟುಮೂಟೆ ಕಟ್ತಾರೆ." ಮನೆಯವಳು ಹೇಳೋದು: "ನಿಮಗೆ ಜಗಳ ಆಡೋಕೆ ಬರಲ್ಲ, ಬರೋದನ್ನ ಮಾಡಿ."

ಮೊನ್ನೆ ವ್ಯಾಪಾರಿಗಳ ಸಭೆಯೊಂದಕ್ಕೆ ಹೋಗಿದ್ದೆ. ಕೋಟು ಹಾಕಿದ್ದ ಒಬ್ಬರು "ಸ್ಪರ್ಧೆಯಿಂದಲ್ಲ, ಸ್ಫೂರ್ತಿಯಿಂದ ಮುನ್ನಡೆಸಿ" ಅಂದ್ರು. ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆದು ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿದ ಮೇಲೆ ಈ ಸ್ಫೂರ್ತಿ ಅನ್ನೋದನ್ನ ನಾನು ಎಲ್ಲಿಂದ ತರಬೇಕು? ಕೆಲಸದವರ ಮುಂದೆ ನಿಂತು ಭಾಷಣ ಮಾಡಲಾ? ಅನುಭವ ಇದ್ದೋರು ಹೇಳಿ.

ಬೈಟೂಕಾಫಿ, ಬೆಂಗಳೂರು

ಸ್ಫೂರ್ತಿಯಿಂದ ಬಾಡಿಗೆ ಕಟ್ಟೋಕಾಗಲ್ಲ ಸಾರ್. ಮೊದಲು ಇದು ಹೇಳಿ, ಒಂದು ಮಸಾಲೆ ದೋಸೆಗೆ ನಿಮಗೆ ಎಷ್ಟು ಬೀಳತ್ತೆ? ದಿನಕ್ಕೆ ಎಷ್ಟು ಹೋಗತ್ತೆ? ಅದು ಗೊತ್ತಿಲ್ಲದೆ 35 ಅಂತಲೂ ಹೇಳಬಾರದು, 65 ಅಂತಲೂ ಹೇಳಬಾರದು.

ನಾನು ಮಾರತಹಳ್ಳಿ ಕಡೆ ಕ್ಲೌಡ್ ಕಿಚನ್ (ಕೂತು ತಿನ್ನೋ ಜಾಗ ಇರಲ್ಲ, ಆರ್ಡರಿಗೆ ಮಾಡಿ ಕಳಿಸೋದಷ್ಟೇ) ನಡೆಸಿ ಮುಚ್ಚಿದವನು. ಪಕ್ಕದವನು ಆ್ಯಪಲ್ಲಿ ನೂರಕ್ಕೆ ಮೂವತ್ತು ಬಿಟ್ಟ ಅಂತ ನಾನು ನಲವತ್ತು ಬಿಟ್ಟೆ. ಆರ್ಡರ್ ಎರಡರಷ್ಟಾಯ್ತು, ನಷ್ಟ ಮೂರರಷ್ಟಾಯ್ತು. ಕೊನೆಗೆ ಇಬ್ಬರೂ ಮುಚ್ಚಿದ್ವಿ. ಆ ಜಾಗದಲ್ಲಿ ಈಗ ಮೂರನೆಯವನು ಬಿರಿಯಾನಿ ಮಾಡ್ತಿದಾನೆ.

ಗಲ್ಲಾಪೆಟ್ಟಿಗೆ, ಹಾಸನ

@ಬೈಟೂಕಾಫಿ ಲೆಕ್ಕ ಹಾಕಿದೆ. ಅಕ್ಕಿ, ಉದ್ದು, ಆಲೂಗಡ್ಡೆ, ಎಣ್ಣೆ, ಚಟ್ನಿ ಸೇರಿ 24. ಗ್ಯಾಸಿಗೆ 5. ಕೂಲಿ, ಬಾಡಿಗೆ, ಕರೆಂಟು ಹಂಚಿದ್ರೆ ಇನ್ನೊಂದು 22. ಒಟ್ಟು 51. ದಿನಕ್ಕೆ ಹೆಚ್ಚುಕಡಿಮೆ 200 ದೋಸೆ ಹೋಗ್ತಿತ್ತು, ಈಗ 140.

ಬೈಟೂಕಾಫಿ, ಬೆಂಗಳೂರು

35ಕ್ಕೆ ಮಾರಿದ್ರೆ ದೋಸೆಗೆ 16 ರೂಪಾಯಿ ಕೈಯಿಂದ ಹೋಗತ್ತೆ. ಮತ್ತೆ 200 ಆದ್ರೂ ದಿನಕ್ಕೆ 3,200. ಆರು ತಿಂಗಳಿಗೆ ಐದೂಮುಕ್ಕಾಲು ಲಕ್ಷ. ಎದುರಿನವರಿಗೆ ಬೇರೆ ಶಾಖೆಗಳ ಗಲ್ಲಾ ಇದೆ, ನಿಮಗಿರೋದು ಒಂದೇ. ಭಾವಮೈದನಿಗೆ ಆ ದುಡ್ಡು ಅವರೇ ಹಾಕ್ತಾರಾ ಕೇಳಿ, ಆಮೇಲೆ ಮಾತಾಡೋಣ.

ಮಾಟುಂಗಾ ಮಾಣಿ, ಮುಂಬೈ

ಭಟ್ಟರು ಹೋದದ್ದಕ್ಕೆ ಇಷ್ಟು ಬೇಸರ ಬೇಡ. ನಮ್ಮ ಕಡೆಯ ಹೋಟೆಲು ಉದ್ಯಮ ಬೆಳೆದದ್ದೇ ಒಬ್ಬನ ಅಡುಗೆಮನೆಯಿಂದ ಇನ್ನೊಬ್ಬ ಹೊರಗೆ ಹೋಗಿ. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೃಷ್ಣರಾಯರು ಶುರು ಮಾಡಿದ್ದು ರುಬ್ಬುವ ಕಲ್ಲಿನ ಮುಂದೆ. ಇಲ್ಲಿ ಮಾಟುಂಗಾದಲ್ಲಿ 1942ರಲ್ಲಿ ಊಟದ ಮನೆ ತೆರೆದ ಎ. ರಾಮ ನಾಯಕರು ಹುಡುಗನಾಗಿ ಮುಂಬೈಗೆ ಬಂದವರು, ಕೆಳಗಿನ ಕೆಲಸದಿಂದಲೇ ಮೇಲೆ ಬಂದವರು. ಇವರನ್ನು ಅಲ್ಲೇ ಹಿಡಿದಿಟ್ಟಿದ್ದರೆ ಆ ಹೋಟೆಲುಗಳೇ ಇರುತ್ತಿರಲಿಲ್ಲ.

ನನ್ನ ಮಾವ ಎಪ್ಪತ್ತರ ದಶಕದಲ್ಲಿ ಹನ್ನೆರಡು ವರ್ಷದವನಾಗಿ ಲೋಟ ತೊಳೆಯಲಿಕ್ಕೆ ಬಂದದ್ದು. ಆ ವಯಸ್ಸಿನ ಮಕ್ಕಳನ್ನು ದುಡಿಸಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಅವನ ಧಣಿ ರಾತ್ರಿ ಏಳಕ್ಕೆ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಕನ್ನಡ ರಾತ್ರಿ ಶಾಲೆಗೆ ಓಡಿಸುತ್ತಿದ್ದರಂತೆ. ಗಿರಾಕಿ ಕಾದರೂ ಸರಿ, ಶಾಲೆ ತಪ್ಪಿಸುವ ಹಾಗಿಲ್ಲ. ಮಾವ ಹತ್ತನೇ ಪಾಸು ಮಾಡಿದ್ದು ಹಾಗೆ. ಮುಂದೆ ಅವನು ಸ್ವಂತ ಹೋಟೆಲು ಇಟ್ಟಾಗ ಮೊದಲ ದಿನದ ಪಾತ್ರೆ ಬಂದದ್ದು ಆ ಧಣಿಯ ಮನೆಯಿಂದ. ಅವನಿಗೀಗ ಅರವತ್ತು ದಾಟಿದೆ. ಆ ಧಣಿಯ ಫೋಟೊ ಇವತ್ತಿಗೂ ಅವನ ಗಲ್ಲಾದ ಮೇಲಿದೆ, ದೇವರ ಪಕ್ಕ.

ಸ್ಫೂರ್ತಿ ಅಂದರೆ ಭಾಷಣವಾ ಅಂತ ಕೇಳಿದ್ದೀರಿ. ಆ ಧಣಿಗೆ ಹೆಬ್ಬೆಟ್ಟು ಬಿಟ್ಟರೆ ಸಹಿ ಬರುತ್ತಿರಲಿಲ್ಲವಂತೆ.

ನಿವೃತ್ತ ಗುಮಾಸ್ತ, ಉಡುಪಿ

ಮಾಟುಂಗಾದವರ ಮಾತಿಗೆ ಒಂದು ಸೇರಿಸುತ್ತೇನೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕಳೆದವನು ನಾನು, ಉದಾಹರಣೆ ಅಲ್ಲಿಂದಲೇ ಬರುತ್ತದೆ, ಕ್ಷಮಿಸಿ.

ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ. ಇಷ್ಟು ಸಣ್ಣ ಸೀಮೆಯಲ್ಲಿ ಐವರು ಕಚ್ಚಾಡಿ ಸಾಯಬೇಕಿತ್ತು. ಹಾಗಾಗಲಿಲ್ಲ. ಕಾರಣ ಹಲವಿರಬಹುದು, ನನಗೆ ಕಂಡದ್ದು ಒಂದು. ಇದ್ದ ಶ್ರೀಮಂತರ ಠೇವಣಿಗೆ ಮಾತ್ರ ಇವರು ಹೊಡೆದಾಡಲಿಲ್ಲ, ಬ್ಯಾಂಕಿನ ಮೆಟ್ಟಿಲೇ ಹತ್ತದವರನ್ನು ಹುಡುಕಿ ಹೋದರು. ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರು 8,000 ರೂಪಾಯಿ ಬಂಡವಾಳದಲ್ಲಿ ಸಿಂಡಿಕೇಟ್ ಆರಂಭಿಸಿದಾಗ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಪಡೆಯುವ ಪದ್ಧತಿ. ಎರಡಾಣೆಗೆ ಆಳು ಕಳಿಸುವುದು ಲೆಕ್ಕದ ಪ್ರಕಾರ ಮೂರ್ಖತನ.

ನಂತರ ಬೇರೆ ಬ್ಯಾಂಕುಗಳು, ಸೊಸೈಟಿಗಳು ಅದನ್ನೇ ಮಾಡಿದವು. ಪಿಗ್ಮಿ ಎಂಬುದು ಒಂದು ಬ್ಯಾಂಕಿನ ಯೋಜನೆಯ ಹೆಸರು ಎನ್ನುವುದೇ ಜನಕ್ಕೆ ಮರೆತುಹೋಯಿತು. ತಮ್ಮ ಹೋಟೆಲಿಗೂ ಸಂಜೆ ಯಾರೋ ಒಬ್ಬರು ಪುಸ್ತಕ ಹಿಡಿದು ಬರುತ್ತಿರಬೇಕು. ಅವರು ಯಾವ ಸಂಸ್ಥೆಯವರೇ ಆಗಲಿ, ಬಾಗಿಲಲ್ಲಿ "ಪಿಗ್ಮಿ" ಅಂತಲೇ ಕೂಗುತ್ತಾರೆ.

ಗಲ್ಲಾಪೆಟ್ಟಿಗೆ, ಹಾಸನ

ಬರ್ತಾರೆ ಸಾರ್, ಆರೂವರೆಗೆ. ನಮ್ಮ ಭಟ್ಟರೂ ಕಟ್ತಿದ್ರು, ದಿನಾ ನೂರು.

ರೊಟ್ಟಿ ಬಡಿಯಾಕಿ, ಧಾರವಾಡ

ನೀವೆಲ್ಲಾ ದೊಡ್ಡ ದೊಡ್ಡ ಮಾತ ಹೇಳಾಕತ್ತೀರಿ, ನಾ ನಮ್ಮ ಒಲಿ ಮುಂದಿನ ಮಾತ ಹೇಳ್ತೀನಿ.

ನಾವು ಹದಿನೆಂಟು ಮಂದಿ ಹೆಣ್ಣಮಕ್ಕಳು ಸೇರಿ ಜೋಳದ ರೊಟ್ಟಿ ಮಾಡಿ ಮಾರ್ತೀವ್ರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ. ಆರು ವರ್ಷದ ಹಿಂದ ನಮ್ಮ ಓಣ್ಯಾಗ ಇನ್ನೊಂದು ಗುಂಪು ಹುಟ್ಟಿತು. ನನಗ ಸಿಟ್ಟು ಬಂತು, ಖರೇ ಹೇಳ್ತೀನಿ. ರೊಟ್ಟಿಗೆ ಒಂದು ರೂಪಾಯಿ ಇಳಿಸಿದ್ವಿ. ಅವರೂ ಇಳಿಸಿದ್ರು. ನಾವು ಮತ್ತ ಎಂಟಾಣೆ ಇಳಿಸಿದ್ವಿ. ಹಿಂಗ ಮಾಡ್ಕೋತ ಹೋಗಿ ಒಂದಿನ ನಮ್ಮ ಕಡೀ ಕೂಡೋ ಅಜ್ಜಿ ಹೇಳಿದ್ಲು, "ಯವ್ವಾ, ನಾ ಮೊದಲ ಐವತ್ತು ರೊಟ್ಟಿ ಬಡದು ಒಯ್ಯೋ ರೊಕ್ಕಕ್ಕ ಈಗ ಎಪ್ಪತ್ತು ಬಡ್ಯಾಕತ್ತೀನಿ. ನೀ ಯಾರ ಜೋಡಿ ಜಗಳಾಡಾಕತ್ತಿ?" ನನ್ನ ಬಾಯಿ ಕಟ್ಟಿತ್ರಿ. ಬೆಲೆ ಇಳಿಸಿದ್ದು ನಾನು, ಕೈ ನೊಂದಿದ್ದು ಆಕೀದು.

ಆಮ್ಯಾಲೆ ಆ ಗುಂಪಿನ ಮುಖ್ಯಸ್ಥಳ ಮನೀಗೆ ಹೋದೆ. ಚಾ ಕುಡದು, ಮದುವಿ ಸೀಜನ್ನಿನ ದೊಡ್ಡ ಆರ್ಡರ್ ಬಂದ್ರ ಹಂಚಕೊಂಡು ಮಾಡೂಣು ಅಂತ ಮಾತಾಡಿದ್ವಿ. ಬೆಲೆ ಎರಡೂ ಕಡೆ ಮೊದಲಿನಷ್ಟಕ್ಕ ಬಂತು. ಆಕಿ ನನಗ ಗೆಳತಿ ಆಗ್ಯಾಳಂತ ಅಲ್ಲ, ಈಗೂ ನನ್ನ ಚಟ್ನಿಗೆ ಹೆಸರ ಇಡ್ತಾಳ.

ಲಿಜ್ಜತ್ ಹಪ್ಪಳದ ಕಥಿ ನಿಮಗ ಗೊತ್ತಿರಬೇಕು. 1959ರಾಗ ಮುಂಬೈ ಗಿರಗಾಂವದಾಗ ಏಳು ಮಂದಿ ಹೆಣ್ಣಮಕ್ಕಳು ಎಂಬತ್ತು ರೂಪಾಯಿ ಸಾಲ ತಂದು ಮಾಳಿಗಿ ಮ್ಯಾಲೆ ಹಪ್ಪಳ ಲಟ್ಟಿಸಿದ್ರು. ಮೊದಲ ದಿನ ನಾಕು ಪಾಕೀಟು. ಅವರೊಳಗ ಒಬ್ಬಾಕಿ ಜಸವಂತಿಬೆನ್ ಪೋಪಟ್, 2021ರಾಗ ಪದ್ಮಶ್ರೀ ಬಂತು. ಅಲ್ಲೆ ಹಪ್ಪಳ ಲಟ್ಟಿಸಾಕಿನೂ ಒಡತೀನ. ಮುಂಜಾನೆ ಹಿಟ್ಟು ಒಯ್ತಾರ, ಮನ್ಯಾಗ ಲಟ್ಟಿಸಿ ತಂದು ಕೊಡ್ತಾರ, ಲಾಭ ಬಂದ್ರ ಹಂಚಕೋತಾರ. ಒಡತಿ ಆದಾಕಿನ್ನ ಆರು ಸಾವಿರ ಜಾಸ್ತಿ ಕೊಟ್ಟು ಎಳ್ಯಾಕ ಬರೂದಿಲ್ಲ. ನಿಮ್ಮ ಭಟ್ಟರು ಹನ್ನೊಂದು ವರ್ಷದಾಗ ಏನಾಗಿದ್ರು ನಿಮ್ಮಲ್ಲೆ? ಆಳ ಆಗಿದ್ರು. ಸಿಟ್ಟಾಗಬ್ಯಾಡ್ರಿ ಅಣ್ಣಾ.

ಗೊರೂರು ಕಡೆಯವ್ನು, ಹಾಸನ

ಎಲ್ಲರೂ ಗೆದ್ದವರ ಕಥೆಯನ್ನೇ ಹೇಳ್ತಿದ್ದೀರಿ. ನಮ್ಮೂರಿನವರದ್ದೇ ಇನ್ನೊಂದು ಕಥೆ ಇದೆ. ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ಇಲ್ಲೇ ಬೇಸಾಯ ಮಾಡಿದೋರು, ರೇಷ್ಮೆ ಬೆಳೆದೋರು. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ರು. ಎಟಿಆರ್ ಅನ್ನೋ ಸಣ್ಣ ವಿಮಾನಗಳು, ಹುಬ್ಬಳ್ಳಿಯಂಥ ಊರಿಗೆ ಹಾರಾಟ, ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಗುರುತು. ಕೆಲವು ಸೀಟು ಒಂದು ರೂಪಾಯಿಗೂ ಮಾರಿದ್ರು. ನನ್ನ ಅಜ್ಜಿ ವಿಮಾನ ಹತ್ತಿದ್ದು ಅದರಲ್ಲೇ. ಸೀಟಿನ ಮೇಲೆ ಕಾಲು ಮಡಚಿ ಕೂತಿದ್ದರು. ಅದಕ್ಕಿಂತ ದೊಡ್ಡ ಸ್ಫೂರ್ತಿ ಇನ್ನೇನು ಬೇಕು?

ಆದ್ರೆ ಆ ಟಿಕೆಟ್ ದರದಲ್ಲಿ ಖರ್ಚು ಹುಟ್ಟಲಿಲ್ಲ. ಬೇರೆಯೋರೂ ಅಗ್ಗದ ವಿಮಾನ ತಂದ್ರು, ಎಲ್ಲರೂ ದರ ಇಳಿಸಿದ್ರು. 2007ರಲ್ಲಿ ಕಂಪನಿ ಕಿಂಗ್‌ಫಿಷರ್ ಕೈಗೆ ಹೋಯ್ತು. ಹೆಸರೂ ಹೋಯ್ತು. 2012ರಲ್ಲಿ ಆ ಕಿಂಗ್‌ಫಿಷರೇ ನೆಲಕ್ಕಿಳೀತು.

ಜನಸಾಮಾನ್ಯ ವಿಮಾನ ಹತ್ತಬಹುದು ಅನ್ನೋ ಯೋಚನೆ ಇವತ್ತಿಗೂ ಬದುಕಿದೆ. ಅದನ್ನ ತಂದ ಕಂಪನಿ ಉಳೀಲಿಲ್ಲ. ಸ್ಫೂರ್ತಿ ಇದ್ದು ಲೆಕ್ಕ ತಪ್ಪಿದ್ರೆ ಏನಾಗತ್ತೆ ಅನ್ನೋದನ್ನೂ ಗಲ್ಲಾಪೆಟ್ಟಿಗೆಯೋರು ತಲೇಲಿ ಇಟ್ಕೊಳ್ಳಲಿ ಅಂತ ಬರೆದೆ. ಅಂದಹಾಗೆ ಅವರು ಹಿಂದೆ ಹಾಸನದಲ್ಲಿ ಹೋಟೆಲೂ ನಡೆಸಿದ್ರು.

ಜಯನಗರ ನಾಲ್ಕನೇ ಬ್ಲಾಕ್, ಬೆಂಗಳೂರು

ಹೋಟೆಲಿನ ವಿಷಯದಲ್ಲಿ ವಿಮಾನಕ್ಕೆ ಯಾಕೆ ಹೋಗಬೇಕು, ನಮ್ಮ ಏರಿಯಾಗೆ ಬನ್ನಿ. 1983ರಲ್ಲಿ ಆರ್. ಪ್ರಭಾಕರ್ ಅನ್ನೋರು ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ್ರು. ನಿಂತ್ಕೊಂಡು ತಿನ್ನೋದು, ಟೋಕನ್ ತಗೊಳ್ಳೋದು, ಕಣ್ಣೆದುರಿಗೇ ಅಡುಗೆ, ಸಪ್ಲೈಯರ್ ಇಲ್ಲ, ಅದಕ್ಕೇ ರೇಟು ಕಡಿಮೆ. ಇವತ್ತು ಬೆಂಗಳೂರಲ್ಲಿ ದರ್ಶಿನಿ ಅನ್ನೋ ಪದ ಯಾರ ಸ್ವತ್ತೂ ಅಲ್ಲ. ಬೀದಿಗೆರಡು ಇವೆ. ಅವರು ಆ ವಿಧಾನವನ್ನ ಬಚ್ಚಿಡಲಿಲ್ಲ, ಬೇರೆಯೋರು ತೆರೆಯೋಕೂ ನೆರವಾದ್ರು.

ಎಂಟಿಆರ್ ಕೂಡ ಹಾಗೇ. 1924ರಿಂದ ಇರೋ ಹೋಟೆಲು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ರವೆ ಹಾಕಿ ಇಡ್ಲಿ ಮಾಡಿದ್ದು ತಾವೇ ಅಂತ ಅವರು ಹೇಳ್ತಾರೆ. ರವೆ ಇಡ್ಲಿ ಇಲ್ಲದ ಹೋಟೆಲು ಇವತ್ತು ಎಲ್ಲಿದೆ ತೋರಿಸಿ. ಎಲ್ಲರೂ ಮಾಡೋಕೆ ಶುರು ಮಾಡಿದ್ರೂ ಲಾಲ್‌ಬಾಗ್ ರಸ್ತೆಯ ಸಾಲು ಕರಗಿಲ್ಲ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದು ಪಾತ್ರೆ ಲೋಟಗಳನ್ನ ಹಬೆಯಲ್ಲಿ ತೊಳೆಯೋ ಪದ್ಧತಿ ತಂದ್ರು. ಗಿರಾಕಿ ಅಡುಗೆಮನೆ ನೋಡಬಹುದಿತ್ತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ದರ ಕಟ್ಟಿಹಾಕಿದಾಗ, ರುಚಿ ಕೆಡಿಸದೆ ಅದೇ ದರಕ್ಕೆ ಕೊಟ್ಟು, ದಿನದ ನಷ್ಟವನ್ನ ಬೋರ್ಡಿನಲ್ಲಿ ಬರೆದು ಹೊರಗಿಟ್ಟರು. ತಡೆಯೋಕಾಗದೆ ಕೊನೆಗೆ ಮುಚ್ಚಿದರು ಕೂಡ. ಮತ್ತೆ ಬಾಗಿಲು ತೆಗೆದದ್ದು ವರ್ಷಗಳ ಮೇಲೆ.

ನಷ್ಟವನ್ನ ಬೋರ್ಡಿಗೆ ಬರೆಯೋ ಧೈರ್ಯ ನನಗಂತೂ ಇಲ್ಲ.

ನಂದಿನಿ ಅಭಿಮಾನಿ

ಇದೆಲ್ಲಾ ಬಿಡಿ, 2023ರಲ್ಲಿ ಅಮುಲ್‌ನವರು ಬೆಂಗಳೂರಿಗೆ ಹಾಲು ತರ್ತೀವಿ ಅಂದಾಗ ಏನಾಯ್ತು? ನಮ್ಮ ಹೋಟೆಲಿನವರೇ ನಂದಿನಿ ಬಿಟ್ಟು ಬೇರೆ ಹಾಲು ಬಳಸಲ್ಲ ಅಂದ್ರು. ಸ್ವಾಭಿಮಾನ ಬೇಕು.

ಬೈಟೂಕಾಫಿ, ಬೆಂಗಳೂರು

ನಂದಿನಿ ಕೇರಳದಲ್ಲಿ ಅಂಗಡಿ ತೆರೆದಾಗ ಅಲ್ಲಿನ ಹಾಲು ಒಕ್ಕೂಟ ಮಿಲ್ಮಾದವರು ಇದೇ ಮಾತು ನಮಗೆ ಹೇಳಿದ್ರು, ಅದನ್ನೂ ಬರೀರಿ.

ನಿರ್ವಾಹಕ

ಹಾಲಿನ ಚರ್ಚೆ ಇಲ್ಲಿ ಬೇಡ. ಹೋದ ಸಲ ಮುನ್ನೂರು ಉತ್ತರ ಬಂದು ಬೀಗ ಹಾಕಬೇಕಾಯ್ತು. ದೋಸೆಗೆ ವಾಪಸ್ ಬನ್ನಿ.

ಅಡಿಕೆ ಸುಲಿಯುವವ, ಪುತ್ತೂರು

ಸ್ಪರ್ಧೆಯೇ ಬೇಡ ಅನ್ನುವವರಿಗೆ ನನ್ನದೊಂದು ತಕರಾರು ಉಂಟು ಮಾರಾಯ್ರೆ. 1970ರ ಸುಮಾರಿಗೆ ಅಡಿಕೆ ಧಾರಣೆ ಬಿದ್ದು ನಮ್ಮ ಅಜ್ಜಂದಿರೆಲ್ಲ ತೋಟ ಮಾರುವ ಸ್ಥಿತಿಗೆ ಬಂದಿದ್ದರು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಅಂತ ಸಹಕಾರಿ ಸಂಸ್ಥೆ ಮಾಡಿದರು. ಅದು ವ್ಯಾಪಾರಿಗಳ ಜೊತೆ ಸ್ಪರ್ಧೆಯೇ ಅಲ್ವಾ? ಕೋಕೊದಲ್ಲೂ ಹಾಗೆಯೇ. ಬೆಳೆಯಿರಿ ಬೆಳೆಯಿರಿ ಅಂತ ಹೇಳಿದ ಕಂಪನಿ 1980ರ ಹೊತ್ತಿಗೆ ಕೊಳ್ಳುವುದನ್ನು ನಿಲ್ಲಿಸಿತು. ಆಗ ಕೋಕೊ ಕೊಂಡದ್ದು ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಕಟ್ಟಿತು.

ಆದರೆ ಒಂದು ಸೂಕ್ಷ್ಮ ನೋಡಿ. ಖಾಸಗಿ ವ್ಯಾಪಾರಿ ಇವತ್ತಿಗೂ ಇದ್ದಾನೆ. ನಾನೇ ಅರ್ಧ ಅಡಿಕೆ ಅವನಿಗೆ ಕೊಡುವುದು, ನಗದು ಬೇಗ ಸಿಗ್ತದೆ ಅಂತ. ಆದರೆ ಅವನ ಅಂಗಡಿಗೆ ಹೋಗುವ ಮೊದಲು ಕೇಳುವುದು "ಕ್ಯಾಂಪ್ಕೊ ರೇಟು ಎಷ್ಟು?" ಅಂತಲೇ. ಅವನನ್ನು ಮುಗಿಸುವುದು ಬೇಕಿರಲಿಲ್ಲ, ಅವನ ತಕ್ಕಡಿ ನೆಟ್ಟಗೆ ನಿಲ್ಲಬೇಕಿತ್ತು.

ನಿಮ್ಮ ಊರಿನಲ್ಲಿ ದೋಸೆ ಹೇಗಿರಬೇಕು ಅಂತ ಜನ ಯಾರನ್ನು ನೋಡಿ ಹೇಳುತ್ತಾರೆ? ನಿಮ್ಮನ್ನೋ, ಎದುರಿನವರನ್ನೋ?

ಕಣ್ಣಿನ ಡಾಕ್ಟರ್ ಅಲ್ಲ, ಶಿವಮೊಗ್ಗ

ನಾನು ಒಂದು ಕಣ್ಣಾಸ್ಪತ್ರೆಯ ಆಡಳಿತ ವಿಭಾಗದಲ್ಲಿದ್ದೆ. ಹಲವು ವರ್ಷದ ಹಿಂದೆ ತರಬೇತಿಗೆ ಅಂತ ಮಧುರೆಯ ಅರವಿಂದ ಆಸ್ಪತ್ರೆಗೆ ಕಳಿಸಿದ್ದರು. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ 1976ರಲ್ಲಿ ಹನ್ನೊಂದು ಹಾಸಿಗೆಯಿಂದ ಶುರು ಮಾಡಿದ್ದು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು, ಆ ಬೆರಳಲ್ಲೇ ಪೊರೆ ಶಸ್ತ್ರಚಿಕಿತ್ಸೆ ಮಾಡೋದನ್ನ ಮತ್ತೆ ಕಲಿತಿದ್ದರು. ದುಡ್ಡು ಕೊಡೋ ರೋಗಿಗಳಿಂದ ಬಂದದ್ದರಲ್ಲೇ ಕೊಡಲಾಗದವರಿಗೆ ಚಿಕಿತ್ಸೆ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ನಮಗೆ ಅವರು ಎಲ್ಲವನ್ನೂ ತೋರಿಸಿದರು. ಒಬ್ಬ ಡಾಕ್ಟರ್ ಎರಡು ಮೇಜಿನ ನಡುವೆ ಹೇಗೆ ತಿರುಗ್ತಾರೆ, ಒಂದು ಶಸ್ತ್ರಚಿಕಿತ್ಸೆ ಮುಗಿಯೋ ಹೊತ್ತಿಗೆ ನರ್ಸ್ ಮುಂದಿನ ರೋಗಿಯನ್ನ ಹೇಗೆ ಸಿದ್ಧ ಮಾಡಿರ್ತಾರೆ, ಖರ್ಚಿನ ಲೆಕ್ಕ ಹೇಗೆ ಇಡ್ತಾರೆ. ಇದಕ್ಕೇ ಅಂತ ಲೈಕೊ ಅನ್ನೋ ಸಂಸ್ಥೆಯನ್ನೇ ಕಟ್ಟಿದ್ದಾರೆ, ಬೇರೆ ಆಸ್ಪತ್ರೆಗಳನ್ನ ತಯಾರು ಮಾಡೋಕೆ. ಕಣ್ಣೊಳಗೆ ಇಡೋ ಕೃತಕ ಮಸೂರ ಹೊರದೇಶದಿಂದ ಬಹಳ ದುಬಾರಿಗೆ ಬರ್ತಿತ್ತು. 1992ರಲ್ಲಿ ಆರೋಲ್ಯಾಬ್ ಅಂತ ಮಾಡಿ ತಾವೇ ತಯಾರಿಸಿದರು. ಬೆಲೆ ಹತ್ತರಲ್ಲೊಂದು ಪಾಲಿಗೆ ಇಳಿದ ಆ ಮಸೂರವನ್ನ ಬೇರೆ ಆಸ್ಪತ್ರೆಗಳಿಗೂ ಮಾರ್ತಾರೆ.

ಊಟದ ಹೊತ್ತಲ್ಲಿ ಕೇಳಿದೆ, "ಎಲ್ಲಾ ಹೇಳಿಕೊಟ್ಟರೆ ನಿಮ್ಮ ರೋಗಿಗಳು ನಮ್ಮ ಕಡೆ ಬರಲ್ವಾ?" ಹೇಳಿಕೊಡ್ತಿದ್ದಾಕೆ ನಕ್ಕುಬಿಟ್ಟರು. ಪೊರೆ ಬಂದು ಕುರುಡಾದವರು ಎಷ್ಟು ಜನ ಇದ್ದಾರೆ ಅಂದರೆ ನಾವಿಬ್ಬರೂ ಸಾಯೋವರೆಗೆ ದುಡಿದರೂ ಮುಗಿಯಲ್ಲ ಅಂದರು.

ದೋಸೆಗೆ ಇದು ಹೊಂದುತ್ತಾ, ಹೊಂದಲ್ವಾ? ಪೂರ್ತಿ ಹೊಂದಲ್ಲ. ಹಾಸನದಲ್ಲಿ ದೋಸೆ ತಿನ್ನೋರ ಸಂಖ್ಯೆಗೆ ಮಿತಿ ಇದೆ. ಆದರೂ ಬರೆದೆ.

ಹೆಸರು ಬೇಡ, ಕುಂದಾಪುರ ಕಡೆ

ಇಲ್ಲಿ ಬರೆದವರಲ್ಲಿ ಬೆಂಕಿ ಮುಂದೆ ನಿಂತವರು ರೊಟ್ಟಿ ಮಾಡುವ ಅಕ್ಕ ಒಬ್ಬರೇ. ನಾನು ದೋಸೆ ಹುಯ್ಯುವವನು. ಇಪ್ಪತ್ತಮೂರು ವರ್ಷ, ನಾಲ್ಕು ಹೋಟೆಲು. ಮೂರು ಕಡೆ ಹೇಳದೆ ಬಿಟ್ಟು ಹೋದವನು. ಯಾಕೆ ಹೋಗ್ತೇವೆ ಅಂತ ಹೇಳ್ತೇನೆ.

ದುಡ್ಡು ಒಂದು ಕಾರಣ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ಹೋಟೆಲು ಬಿಟ್ಟದ್ದು ಎರಡು ಸಾವಿರಕ್ಕೆ ಅಲ್ಲ. ಕಾವಲಿ ಮುಂದೆ ದಿನಕ್ಕೆ ಒಂಬತ್ತು ಗಂಟೆ ನಿಂತು ಕಾಲಿನ ನರ ಉಬ್ಬಿತ್ತು. ಒಂದು ಫ್ಯಾನು ಕೇಳಿದೆ. ಬೆಂಕಿ ಆರ್ತದೆ ಅಂದರು. ಗೋಡೆಗೆ ತೂತು ಕೊರೆದು ಹೊಗೆ ಎಳೆಯುವ ಫ್ಯಾನು ಹಾಕಿ ಅಂದೆ. ನೋಡುವ ಅಂದರು. ಎರಡು ವರ್ಷ ನೋಡಿದರು. ಗಲ್ಲಾದ ಮೇಲೆ ಮಾತ್ರ ಎಸಿ ಬಂತು.

ಎರಡನೇ ಕಡೆ ಧಣಿ ಒಳ್ಳೆಯವರು, ಹೊಡೆತ ಬೈಗುಳ ಇಲ್ಲ. ಆದರೆ ಪೇಪರಿನವರು ಬಂದು ದೋಸೆ ಬಗ್ಗೆ ಬರೆದಾಗ ಅವರ ಅಜ್ಜನ ಕಾಲದ ಗುಟ್ಟು ಅಂತ ಹೇಳಿದರು. ಅಜ್ಜನ ಕಾಲದ್ದಲ್ಲ, ಮೆಂತ್ಯ ಎಷ್ಟು, ಅವಲಕ್ಕಿ ಎಷ್ಟು ಅಂತ ಕೂರಿಸಿದ್ದು ನಾನು. ಫೋಟೊದಲ್ಲಿ ನನ್ನ ಕೈ ಇತ್ತು, ಮುಖ ಇರಲಿಲ್ಲ. ಮರುತಿಂಗಳು ಬಿಟ್ಟೆ.

ಈಗ ಇರುವಲ್ಲಿ ಎಂಟು ವರ್ಷ ಆಯ್ತು. ಇವರು ಸ್ಫೂರ್ತಿ ಗೀರ್ತಿ ಮಾತಾಡುವುದಿಲ್ಲ. ವಾರಕ್ಕೊಂದು ರಜೆ ಅಂದರೆ ರಜೆ, ಯುಗಾದಿಗೂ ತಪ್ಪಿಸುವುದಿಲ್ಲ. ಉದ್ದು ಹಾಳಾಗಿ ಬಂದರೆ ವಾಪಸ್ ಕಳಿಸುವ ಅಧಿಕಾರ ನನ್ನದು, ಧಣಿಯನ್ನು ಕೇಳಬೇಕಾಗಿಲ್ಲ. ಬೇರೆಯವರು ನಾಲ್ಕು ಸಾವಿರ ಜಾಸ್ತಿ ಅಂತ ಕರೆದಿದ್ದರು, ಹೋಗಲಿಲ್ಲ. ಹತ್ತು ಸಾವಿರ ಅಂದರೆ ಹೋಗ್ತೇನೋ ಏನೋ, ಮಗಳ ಕಾಲೇಜು ಫೀಸು ಉಂಟು.

ಗಲ್ಲಾಪೆಟ್ಟಿಗೆ ಅವರೇ, ನಿಮ್ಮ ಭಟ್ಟರು ಮುಖ ನೋಡದೆ ಹೋದರು ಅಂದಿರಿ. ನೀವು ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಒಳಗೆ ಹೋಗಿ ಅವರ ಮುಖ ನೋಡಿದ್ದೀರಿ?

ಗಲ್ಲಾಪೆಟ್ಟಿಗೆ, ಹಾಸನ

ಮೇಲಿನದನ್ನ ನಿನ್ನೆ ರಾತ್ರಿಯಿಂದ ನಾಲ್ಕು ಸಲ ಓದಿದೆ. ನಮ್ಮಲ್ಲೂ ಹೊಗೆ ಎಳೆಯೋ ಫ್ಯಾನು ಕೆಟ್ಟು ಒಂದೂವರೆ ವರ್ಷ ಆಗಿದೆ. ಸದ್ಯಕ್ಕೆ ಇಷ್ಟೇ. ಬೆಲೆ ಇಳಿಸಲ್ಲ. ಮುಂದೇನಾಯ್ತು ಅಂತ ಬಂದು ಹೇಳ್ತೀನಿ.

ಗಲ್ಲಾಪೆಟ್ಟಿಗೆ, ಹಾಸನ (ಮೂರು ತಿಂಗಳ ನಂತರ)

ಯಾರಾದ್ರೂ ನೆನಪಿಟ್ಕೊಂಡಿದ್ರೆ, ಇದು ಮುಂದಿನ ಭಾಗ.

ಫ್ಯಾನು ಹಾಕ್ಸಿದೆ. ಹನ್ನೊಂದು ಸಾವಿರ ಆಯ್ತು. ವಾರದ ರಜೆ ಸರದಿ ಮೇಲೆ ಗಟ್ಟಿ ಮಾಡಿದೆ. ಅದರಿಂದ ಮಂಗಳವಾರ ನಾನೇ ಪ್ಲೇಟು ಎತ್ತಬೇಕಾಗತ್ತೆ. ಹಳೇ ಗಿರಾಕಿಗಳು ನೋಡಿ ನಗ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ತಿಂಗಳ ಲೆಕ್ಕ ಪೂರ್ತಿ ಓದಿ ಹೇಳಿದೆ. ಉಳಿದದ್ದರಲ್ಲಿ ಹತ್ತರಲ್ಲೊಂದು ಪಾಲು ಬಟವಾಡೆ ಜೊತೆ ಹಂಚ್ತೀನಿ ಅಂದೆ. ಕಣ್ಣಲ್ಲಿ ನೀರು ಹಾಕ್ಕೋತಾರೆ ಅಂತ ಅಂದ್ಕೊಂಡಿದ್ದೆ, ನಿಜ ಹೇಳ್ಬೇಕು ಅಂದ್ರೆ. ಎಲ್ಲರೂ ಸುಮ್ನೆ ಕೂತಿದ್ರು. ಆಮೇಲೆ ಇಡ್ಲಿ ಹಾಕೋ ಹೆಂಗಸು ಕೇಳಿದ್ರು, "ಹಂಗಾದ್ರೆ ಲಾಭ ಬರ್ದೇ ಇದ್ ತಿಂಗ್ಳು ನಮ್ ಸಂಬ್ಳ ಕಟ್ ಮಾಡ್ತೀರಾ ಅಣ್ಣ?" ಅದಕ್ಕೆ ಇಲ್ಲ ಅಂತ ಮೂರು ಸಲ ಹೇಳಬೇಕಾಯ್ತು. ಎರಡನೇ ತಿಂಗಳು ಪಾಲು ಕೈಗೆ ಬಂದ ಮೇಲೆ ನಂಬಿದ್ರು. ಒಬ್ಬೊಬ್ಬರಿಗೆ ನಾನೂರು ಚಿಲ್ಲರೆ, ದೊಡ್ಡದೇನಲ್ಲ. ಆದ್ರೆ ತರಕಾರಿ ಬಂದಾಗ ಕೊಳೆತ ಈರುಳ್ಳಿ ಆರಿಸಿ ವಾಪಸ್ ಹಾಕೋರು ಈಗ ನಾನಲ್ಲ.

ದೋಸೆ ಕಾವಲಿಗೆ ಹೊಸಬರನ್ನ ತರಲಿಲ್ಲ. ಬೇಲೂರು ಕಡೆಯ ಹುಡುಗ ಒಬ್ಬ ಕ್ಲೀನರ್ ಆಗಿದ್ದ, ಇಪ್ಪತ್ತೆರಡು ವರ್ಷ. ಅವನೇ ಕಲೀತೀನಿ ಅಂದ. ಮೊದಲ ಹದಿನೈದು ದಿನ ದೋಸೆ ಅಂದ್ರೆ ಭೂಪಟ. ಗಿರಾಕಿಗಳು ಬೈದ್ರು, ಕೆಲವರು ಎದುರಿಗೆ ಹೋದ್ರು. ಈಗ ದಿನಕ್ಕೆ 165ರ ಹತ್ರ ನಿಂತಿದೆ. ಹಳೇ ಲೆಕ್ಕಕ್ಕೆ ಇನ್ನೂ ಬಂದಿಲ್ಲ.

ಎದುರಿನವರು ಮುಚ್ಚಿಲ್ಲ, ಚೆನ್ನಾಗೇ ನಡೀತಿದೆ. ಬೋರ್ಡು ಮಾತ್ರ 40ರಿಂದ 55 ಆಗಿದೆ.

ಒಂದು ರಾತ್ರಿ ಶಟರ್ ಅರ್ಧ ಎಳೆದಿದ್ದೆ, ಹಳೇ ಭಟ್ಟರು ಬಗ್ಗಿ ಒಳಗೆ ಬಂದ್ರು. ಕೂತ್ಕೊಳ್ಳಿ ಅಂದೆ, ಕೂರಲಿಲ್ಲ. "ಹಿಟ್ಟು ಹುಳಿ ಜಾಸ್ತಿ ಆಗ್ತಿದೆ. ದೋಸೆ ಬಿಳಿಚಿಕೊಳ್ತಿದೆ, ಆ ಕಡೆಯಿಂದಲೇ ಕಾಣತ್ತೆ. ಬೇಸಿಗೇಲಿ ಸಂಜೆ ತಡವಾಗಿ ರುಬ್ಬೋಕೆ ಹೇಳಿ ಹುಡುಗನಿಗೆ" ಅಂದು ಹೋದ್ರು. ಮರುದಿನ ಹಾಗೇ ಮಾಡಿದ್ವಿ, ಬಣ್ಣ ಬಂತು. ವಾಪಸ್ ಬನ್ನಿ ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಸಂಬಳ ಹೇಳ್ಬೇಕಾಗತ್ತೆ, ಅಷ್ಟು ನನ್ನ ಕೈಲಿ ಆಗಲ್ಲ.

ಈಗ ಹೊಸ ಸಮಸ್ಯೆ. ಆ ಬೇಲೂರು ಹುಡುಗ ಮೊನ್ನೆ ಬಂದು, ಇನ್ನೊಂದು ವರ್ಷ ಆದ್ಮೇಲೆ ಊರಲ್ಲಿ ಗಾಡಿ ಇಡ್ತೀನಿ, ಮೂವತ್ತು ಸಾವಿರ ಮುಂಗಡ ಕೊಡ್ತೀರಾ ಅಂತ ಕೇಳ್ತಿದಾನೆ. ಕಲಿಸಿದ್ದಕ್ಕೆ ಇದು ಫಲ! ಭಾವಮೈದ ಹೊಟ್ಟೆ ಹಿಡ್ಕೊಂಡು ನಗ್ತಿದಾನೆ. ಕೊಡಲಾ?

ಬೈಟೂಕಾಫಿ, ಬೆಂಗಳೂರು

ಪತ್ರ ಮಾಡಿಸಿ ಕೊಡಿ. ಆ ಒಂದು ವರ್ಷದಲ್ಲಿ ಇನ್ನಿಬ್ಬರಿಗೆ ದೋಸೆ ಕಲಿಸೋದು ಅವನ ಜವಾಬ್ದಾರಿ ಅಂತಲೂ ಬರೆಸಿ.

ರೊಟ್ಟಿ ಬಡಿಯಾಕಿ, ಧಾರವಾಡ

ಪತ್ರ ಗಿತ್ರ ಇರಲಿ. ಹೇಳದ ಓಡಿ ಹೋಗಲಿಲ್ಲಲ್ರಿ, ಒಂದು ವರ್ಷ ಮೊದಲ ನಿಮ್ಮ ಮುಂದ ಬಂದು ನಿಂತ ಕೇಳ್ಯಾನ. ಕೊಡ್ರಿ.

ಹೆಸರು ಬೇಡ, ಕುಂದಾಪುರ ಕಡೆ

ಕೊಡಿ. ದುಡ್ಡು ಐದು ಸಾವಿರ ಕಡಿಮೆ ಕೊಟ್ಟರೂ ಅಡ್ಡಿಲ್ಲ, ನಿಮ್ಮ ಹಳೇ ಕಾವಲಿ ಒಂದಿದ್ದರೆ ಅದನ್ನೇ ಕೊಡಿ. ಹೊಸ ಕಾವಲಿಯಲ್ಲಿ ಮೊದಲ ತಿಂಗಳು ದೋಸೆ ಏಳುವುದೇ ಇಲ್ಲ, ಗಾಡಿ ಇಟ್ಟವನಿಗೆ ಆ ತಿಂಗಳಲ್ಲೇ ಗಿರಾಕಿ ಹೋಗುವುದು.

ಗಲ್ಲಾಪೆಟ್ಟಿಗೆ, ಹಾಸನ

ಅಪ್ಪನ ಕಾಲದ್ದು ಒಂದು ಅಟ್ಟದ ಮೇಲಿದೆ. ಇಳಿಸಿ ನೋಡ್ಬೇಕು, ತುಕ್ಕು ಹಿಡಿದಿರತ್ತೆ.

ಹೆಸರು ಬೇಡ, ಕುಂದಾಪುರ ಕಡೆ

ಹಿಡಿಯಲಿ. ಕಲ್ಲುಪ್ಪು ಹಾಕಿ ಉಜ್ಜಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಲ್ಲಿ ತಿಕ್ಕಿ ಮೂರು ದಿನ ಸಣ್ಣ ಉರಿಯಲ್ಲಿ ಕಾಯಿಸಲಿಕ್ಕೆ ಹೇಳಿ. ನೀವಲ್ಲ, ಹುಡುಗನೇ ಮಾಡಲಿ.